‘ಸರಾಸರಿ ಸದ್ದು’ ಅಂದರೆ ಸಾಕಾ? ಆಸ್ಪತ್ರೆಯ ಸದ್ದು ಅಳೆಯುವ ಆ್ಯಪ್‌ಗೆ ಪದ ಬೇಕು

ಗೆಳೆಯರೇ,

ವಾರ್ಡಿನ ಸದ್ದನ್ನು ಫೋನಿನ ಆ್ಯಪ್‌ನಲ್ಲಿ ಅಳೆಯೋದು ಹೇಗೆ ಅಂತ ನರ್ಸ್‌ಗಳಿಗಾಗಿ ಒಂದು ಪುಟದ ಬರಹ ಸಿದ್ಧ ಮಾಡುತ್ತಿದ್ದೇನೆ. ಡೆಸಿಬಲ್, ಮೈಕ್, ರೀಡಿಂಗ್ ಎಲ್ಲರ ಬಾಯಲ್ಲೂ ಇರುವ ಪದಗಳು, ಅವು ಹಾಗೇ ಇರಲಿ. ‘ಗದ್ದಲ’ ಅಂದರೆ ಜನರ ಗಲಾಟೆ ನೆನಪಾಗುತ್ತದೆ, ಮಾನಿಟರಿನ ಬೀಪ್‌ಗೆ ಒಗ್ಗಲ್ಲ. ‘ಸದ್ದು’ ಅಂತಲೇ ಇಟ್ಟುಕೊಂಡಿದ್ದೇನೆ.

ತೊಡಕು ಇರೋದು ಆ್ಯಪ್ ತೋರಿಸುವ ಎಲ್‌ಇಕ್ಯು, ಎಲ್‌ಮ್ಯಾಕ್ಸ್ ಅನ್ನೋ ಎರಡು ಅಂಕಿಗಳಲ್ಲಿ. ಮೊದಲನೆಯದನ್ನು ಸಾಮಾನ್ಯವಾಗಿ ‘ಸರಾಸರಿ ಸದ್ದು’ ಅಂತಾರೆ. ಸರಾಸರಿ ಅಂದ ಕೂಡಲೇ ನಾವು ಕೂಡಿಸಿ ಭಾಗಿಸುತ್ತೇವೆ, ಅಲ್ವಾ? ಅರ್ಧ ಗಂಟೆ 40 ಡೆಸಿಬಲ್, ಇನ್ನರ್ಧ ಗಂಟೆ 60 ಇದ್ದರೆ 50 ಅಂತ ಬರೆದುಬಿಡುತ್ತೇವೆ. ಆ್ಯಪ್ ಸುಮಾರು 57 ತೋರಿಸುತ್ತದೆ! ಅದು ಸರಾಸರಿ ಮಾಡೋದು ಡೆಸಿಬಲ್ ಅಂಕಿಗಳನ್ನಲ್ಲ, ಸದ್ದಿನ ಶಕ್ತಿಯನ್ನು. 60 ಡೆಸಿಬಲ್‌ನಲ್ಲಿ 40ರದ್ದಕ್ಕಿಂತ 100 ಪಟ್ಟು ಶಕ್ತಿ ಇರುತ್ತದೆ. ಹಾಗಾಗಿ ‘ಸಮಬಲ ಸದ್ದು’ ಅಂದರೆ ಹೇಗೆ? ಏರಿಳಿಯುವ ಸದ್ದಿನಷ್ಟೇ ಶಕ್ತಿ ಇರುವ, ಒಂದೇ ಸಮನೆ ಕೇಳುವ ಸದ್ದು ಅನ್ನೋ ಅರ್ಥದಲ್ಲಿ.

ಎಲ್‌ಮ್ಯಾಕ್ಸ್‌ಗೆ ‘ಗರಿಷ್ಠ’ ಸರಿಯೇ. ಆದರೂ ಇನ್ನೂ ತಟ್ಟುವ ಪದ ಬೇಕು ಅನ್ನಿಸುತ್ತದೆ. ಕಸದ ಡಬ್ಬಿಯ ಮುಚ್ಚಳ ಧಡಾರಂತ ಬಿದ್ದಾಗ ರೋಗಿಯ ನಿದ್ದೆ ಕೆಡುತ್ತದೆ, ಇಡೀ ರಾತ್ರಿಯ ಲೆಕ್ಕದಲ್ಲಿ ಮಾತ್ರ ಅದು ಮುಚ್ಚಿಹೋಗುತ್ತದೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯ 1999ರ ಮಾರ್ಗಸೂಚಿಯಲ್ಲಿ ರಾತ್ರಿ ವಾರ್ಡಿನೊಳಗೆ ಎಲ್‌ಇಕ್ಯು 30, ಎಲ್‌ಮ್ಯಾಕ್ಸ್ 40 ಡೆಸಿಬಲ್ ಅಂತ ಬೇರೆ ಬೇರೆ ಮಿತಿ ಇದೆ. ‘ತಾರಕ ಸದ್ದು’ ಅನ್ನೋಣ ಅಂದರೆ ಸಂಗೀತದ ಸ್ಥಾಯಿ ಅಡ್ಡ ಬರುತ್ತದೆ. ‘ಶಿಖರ’ವೂ ಬೇಡ, ಪೀಕ್ ಅನ್ನೋ ಮೂರನೇ ಅಂಕಿ ಕೆಲವು ಆ್ಯಪ್‌ಗಳಲ್ಲಿ ಬೇರೆಯೇ ಇದೆ. ‘ಏರುಸದ್ದು’ ಹೇಗಿದೆ?

ಇನ್ನೊಂದು ಪ್ರಶ್ನೆ. ಆ್ಯಪ್ ಕೊಡೋದನ್ನು ‘ಅಳತೆ’ ಅನ್ನಬೇಕೋ ‘ಅಂದಾಜು’ ಅನ್ನಬೇಕೋ? ಫೋನಿನ ಮೈಕ್ ಇರೋದು ಮಾತಿಗೆ. ತೀರಾ ಮೆಲುಸದ್ದಿನಲ್ಲಿ ಮೈಕಿನ ಸ್ವಂತ ಗುಂಯ್‌ಗುಡುವಿಕೆಯೂ ರೀಡಿಂಗ್‌ಗೆ ಸೇರುತ್ತದೆ. ಆಂಡ್ರಾಯ್ಡ್ ಫೋನ್‌ಗಳಲ್ಲಂತೂ ಮೈಕ್ ಒಂದೊಂದರಲ್ಲಿ ಒಂದೊಂದು ಥರ. ಅದಕ್ಕೇ ಕೆಲಸದ ಜಾಗದ ಸುರಕ್ಷತೆ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 2017ರಲ್ಲಿ ಸದ್ದು ಅಳೆಯುವ ತನ್ನ ಆ್ಯಪನ್ನು ಆಪಲ್ ಸಾಧನಗಳಿಗೆ ಮಾತ್ರ ಹೊರತಂದಿತು. ನನ್ನ ಒಲವು ‘ಅಂದಾಜು’ ಕಡೆಗೆ. ಒಳ್ಳೆಯ ಮೀಟರಿನ ಜೊತೆ ತಾಳೆ ನೋಡಿ ಸರಿಪಡಿಸಿಕೊಂಡ ಫೋನಾದರೆ ‘ಅಳತೆ’ ಅನ್ನಬಹುದೇನೋ.

ವಾರ್ಡಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ, ನೀವು ಈ ಎರಡು ಅಂಕಿಗಳನ್ನು ಬಾಯಿಮಾತಿನಲ್ಲಿ ಏನಂತೀರಿ, ದಯವಿಟ್ಟು ಹೇಳಿ.