ವೇಲ್ಸ್ ಗಡಿಯ ಪ್ರಭುಗಳು: ಬದುಕಿರುವಾಗ ಅವರದೇ ರಾಜ್ಯ, ಸತ್ತ ಮೇಲೆ ಯಾರದು?

ಪ್ರಶ್ನೆ: ನಮಸ್ಕಾರ ಸರ್. ಕೆಲಸದ ಮೇಲೆ ಕಾರ್ಡಿಫ್‌ನಲ್ಲಿದ್ದೇನೆ. ಹತ್ತಿರದ ಕೇರ್‌ಫಿಲಿ ಕೋಟೆ ನೋಡಿಬಂದೆ. ಸುತ್ತ ಕೆರೆಯಂತೆ ನಿಂತ ನೀರು, ಗೋಡೆಯೊಳಗೆ ಇನ್ನೊಂದು ಗೋಡೆ. ಇಷ್ಟು ದೊಡ್ಡದನ್ನು 1268ರಲ್ಲಿ ಕಟ್ಟಿಸಲು ಶುರುಮಾಡಿದ್ದು ರಾಜನಲ್ಲ, ಗಿಲ್ಬರ್ಟ್ ಡಿ ಕ್ಲೇರ್ ಎಂಬ ಒಬ್ಬ ಪ್ರಭು ಅಂತ ಗೊತ್ತಾಯಿತು. ಈ ಭಾಗದಲ್ಲಿ ಇಂಗ್ಲೆಂಡಿನ ರಾಜನ ಆಜ್ಞೆಯೇ ನಡೆಯುತ್ತಿರಲಿಲ್ಲ ಅಂತ ಜೊತೆಗಿದ್ದವರು ಹೇಳಿದರು. ನಿಜವಾ? ನಿಜವಾದರೆ ಅವನು ಸತ್ತಾಗ ಅದೆಲ್ಲ ಯಾರಿಗೆ ಹೋಗುತ್ತಿತ್ತು? ರಾಜ ಸುಮ್ಮನೆ ನೋಡಿಕೊಂಡು ಕೂರುತ್ತಿದ್ದನಾ?

ಉತ್ತರ (ಮಧ್ಯಯುಗದ ಬ್ರಿಟನ್ ಇತಿಹಾಸದ ಅಧ್ಯಾಪಕ): ನಿಮ್ಮ ಜೊತೆಗಿದ್ದವರು ಹೇಳಿದ್ದು ಸರಿಯೇ, ಆದರೆ ಅರ್ಧ ಮಾತ್ರ. ಉಳಿದರ್ಧ ನಿಮ್ಮ ಕೊನೆಯ ಪ್ರಶ್ನೆಯಲ್ಲೇ ಇದೆ.

1066ರಲ್ಲಿ ಇಂಗ್ಲೆಂಡ್ ಗೆದ್ದ ನಾರ್ಮನ್ ದೊರೆ ವಿಲಿಯಂ, ವೇಲ್ಸ್ ಕಡೆಯ ಗಡಿ ಕಾಯಲು ಚೆಸ್ಟರ್, ಶ್ರೂಸ್‌ಬರಿ, ಹೆರಿಫರ್ಡ್‌ಗಳಲ್ಲಿ ತನ್ನ ನಂಬಿಕಸ್ಥರನ್ನು ಕೂರಿಸಿದ. ಹೆರಿಫರ್ಡ್‌ನ ವಿಲಿಯಂ ಫಿಟ್ಸ್ಆಸ್ಬರ್ನ್ 1067ರ ಹೊತ್ತಿಗೇ ಚೆಪ್‌ಸ್ಟೋ ಕೋಟೆ ಶುರುಮಾಡಿದ. ಇವರೂ ಇವರ ಹಿಂದೆ ಬಂದವರೂ ಕಣಿವೆ ಕಣಿವೆಯಾಗಿ ಒಳನುಗ್ಗಿ, ಗೆದ್ದದ್ದನ್ನು ತಮ್ಮದೇ ಮಾಡಿಕೊಂಡರು. ರಾಜನ ಸೈನ್ಯ ಗೆದ್ದು ಇವರಿಗೆ ಹಂಚಿದ್ದಲ್ಲ ಅನ್ನುವುದು ಮುಖ್ಯ. ಹೀಗೆ ಹುಟ್ಟಿದ ಗಡಿಪಟ್ಟಿಗೆ ಮಾರ್ಚ್ ಅಂತಲೂ ಅದರ ಒಡೆಯರಿಗೆ ಮಾರ್ಚರ್ ಪ್ರಭುಗಳು ಅಂತಲೂ ಹೆಸರಾಯಿತು. 14ನೇ ಶತಮಾನದ ಹೊತ್ತಿಗೆ ಇಂಥ ಸುಮಾರು 40 ಪ್ರಭುತ್ವಗಳಿದ್ದವು.

ಒಳಗೆ ಅವರಿಗೆ ಏನೇನು ಅಧಿಕಾರ? ಕೋಟೆ ಕಟ್ಟಲು ಯಾರ ಅಪ್ಪಣೆಯೂ ಬೇಡ. ಪಕ್ಕದವನ ಮೇಲೆ ಯುದ್ಧ ಮಾಡಬಹುದು. ಪೇಟೆ, ಸಂತೆ ಹಾಕಿಸಬಹುದು. ಕೊಲೆ, ದರೋಡೆ ಸೇರಿ ಎಲ್ಲ ವ್ಯಾಜ್ಯ ಅವರ ಕೋರ್ಟಿನಲ್ಲೇ, ಗಲ್ಲಿಗೇರಿಸಿದವನ ದನಕರು, ಸಾಮಾನು ಅವರ ಖಜಾನೆಗೇ. ಇಂಗ್ಲೆಂಡಿನ ಜಿಲ್ಲೆಗಳಲ್ಲಿ ರಾಜನ ಹೆಸರಲ್ಲಿ ಷೆರಿಫ್ ಓಡಾಡುತ್ತಿದ್ದ. ಇಲ್ಲಿ ಅವನಿಗೆ ಕೆಲಸವಿಲ್ಲ. 1199ರಲ್ಲಿ ವಿಲಿಯಂ ಡಿ ಬ್ರೋಸ್ ಎಂಬ ಪ್ರಭು, ತನ್ನ ಸೀಮೆಯೊಳಗೆ ರಾಜನಾಗಲಿ, ಅವನ ನ್ಯಾಯಾಧೀಶನಾಗಲಿ, ಷೆರಿಫ್ ಆಗಲಿ ಕೈಹಾಕುವಂತಿಲ್ಲ ಎಂದು ನೇರವಾಗಿ ವಾದಿಸಿದ. ವಾಲ್ಟರ್ ಕ್ಲಿಫರ್ಡ್ ಇನ್ನೂ ಮುಂದೆ ಹೋದ. 1250ರಲ್ಲಿ ರಾಜನ ಪತ್ರ ತಂದ ಓಲೆಕಾರನಿಗೆ ಆ ಪತ್ರವನ್ನೇ, ಮೊಹರಿನ ಸಮೇತ, ತಿನ್ನಿಸಿದನಂತೆ. ಆ ಕಾಲದ ಮಠದ ಇತಿಹಾಸಕಾರ ಮ್ಯಾಥ್ಯೂ ಪ್ಯಾರಿಸ್ ಬರೆದಿಟ್ಟ ಕಥೆ ಇದು. ದಂಡವೂ ಬಿತ್ತು ಅನ್ನುತ್ತಾನೆ.

ಇದರ ಫಜೀತಿ ಅನುಭವಿಸಿದವರು ಸಾಮಾನ್ಯ ಜನ. ಒಂದು ಪ್ರಭುತ್ವದಲ್ಲಿ ದನ ಕದ್ದವನು ಹೊಳೆ ದಾಟಿದರೆ ಬೇರೆ ಕಾನೂನು, ಬೇರೆ ಕೋರ್ಟು. ವರ್ಷಕ್ಕೆ ಸ್ವಲ್ಪ ಕಾಸು ಕಟ್ಟಿ ಹೊಸ ಪ್ರಭುವಿನ ರಕ್ಷಣೆ ಕೊಂಡುಕೊಳ್ಳುವ ಪದ್ಧತಿಯೂ ಇತ್ತು. ಹಾಗಾಗಿ ಅಕ್ಕಪಕ್ಕದ ಪ್ರಭುಗಳ ಅಧಿಕಾರಿಗಳು ಗಡಿಯಲ್ಲಿ ಒಂದು ದಿನ ಗೊತ್ತುಮಾಡಿ, ಕೂತು, ಕದ್ದ ದನ, ಓಡಿಹೋದ ಕಳ್ಳರ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದರು.

ಇನ್ನು ಉಳಿದರ್ಧ. ಈ ಪ್ರಭುಗಳೆಲ್ಲ ತಮ್ಮ ಭೂಮಿಯನ್ನು ನೇರವಾಗಿ ರಾಜನಿಂದ ಹಿಡಿದವರು. ಬದುಕಿರುವಷ್ಟು ದಿನ ರಾಜ ಹೊರಗೆ. ಸತ್ತ ಕೂಡಲೇ ಭೂಮಿ ರಾಜನ ವಶಕ್ಕೆ. ವಾರಸುದಾರ ಬಂದು ನಿಷ್ಠೆಯ ಪ್ರಮಾಣ ಮಾಡಿ, ಕಾಣಿಕೆ ಕಟ್ಟಿ ಬಿಡಿಸಿಕೊಳ್ಳಬೇಕು. ಮಗ 21 ತುಂಬದವನಾದರೆ ಅಲ್ಲಿಯವರೆಗೂ ಜಮೀನಿನ ಆದಾಯ ರಾಜನಿಗೆ. ಅವನ ಮದುವೆ ಯಾರ ಜೊತೆ ಅನ್ನುವುದೂ ರಾಜನ ಕೈಯಲ್ಲಿ, ಆ ಹಕ್ಕನ್ನು ರಾಜ ಇನ್ನೊಬ್ಬರಿಗೆ ಮಾರಿಕೊಳ್ಳಲೂಬಹುದಿತ್ತು.

ಮರುಪ್ರಶ್ನೆ (ಕಾನೂನು ವಿದ್ಯಾರ್ಥಿನಿ): ಸರ್, ಈ ಅಧಿಕಾರಕ್ಕೆ ಸನದು, ಶಾಸನ ಅಂತ ಏನಾದರೂ ಇತ್ತಾ? ಅಥವಾ ಬಲ ಇದ್ದವನದೇ ಕಾನೂನಾ?

ಉತ್ತರ: ಸನದು ಇರಲಿಲ್ಲ, ಅದೇ ಅವರ ಹೆಮ್ಮೆ. ತಾವು ಸೋಲಿಸಿದ ವೆಲ್ಷ್ ಅರಸರಿಗಿದ್ದ ಹಕ್ಕುಗಳೇ ತಮಗೆ ಬಂದವು ಅನ್ನುವ ವಾದ ಒಂದು. ಯುದ್ಧದ ಗಡಿಯಲ್ಲಿ ರಾಜನಿಗೆ ಬೇರೆ ದಾರಿಯಿರಲಿಲ್ಲ, ಬಿಟ್ಟುಕೊಟ್ಟ, ಅದೇ ರೂಢಿಯಾಯಿತು ಅನ್ನುವುದು ಇನ್ನೊಂದು. ನನಗೆ ಎರಡನೆಯದೇ ಹೆಚ್ಚು ಒಪ್ಪಿಗೆ. ಹೇಗೇ ಇರಲಿ, 1215ರಲ್ಲಿ ರಾಜ ಜಾನ್ ಪ್ರಭುಗಳಿಗೆ ಒಪ್ಪಿಕೊಟ್ಟ ಹಕ್ಕುಪತ್ರ ಮ್ಯಾಗ್ನಾ ಕಾರ್ಟಾದ 56ನೇ ಕಲಮು ಮೂರು ಕಾನೂನುಗಳನ್ನು ಬೇರೆಬೇರೆಯಾಗಿಯೇ ಹೆಸರಿಸುತ್ತದೆ: ಇಂಗ್ಲೆಂಡಿನ ಜಮೀನಿಗೆ ಇಂಗ್ಲೆಂಡಿನ ಕಾನೂನು, ವೇಲ್ಸಿನದಕ್ಕೆ ವೇಲ್ಸಿನದು, ಮಾರ್ಚ್‌ನದಕ್ಕೆ ಮಾರ್ಚ್‌ನದು. ಇದಕ್ಕಿಂತ ದೊಡ್ಡ ಮಾನ್ಯತೆ ಬೇಕೇ?

ಆದರೆ ರೂಢಿಯ ಗಟ್ಟಿತನ ಗೊತ್ತಾಗುವುದು ಎದುರಿಗೆ ಗಟ್ಟಿ ರಾಜ ನಿಂತಾಗ. ನೀವು ನೋಡಿದ ಕೋಟೆಯ ಗಿಲ್ಬರ್ಟ್‌ನದೇ ಪ್ರಕರಣ ಹೇಳುತ್ತೇನೆ. ಗ್ಲಮಾರ್ಗನ್ ಅವನದು. ಉತ್ತರಕ್ಕೆ ಬ್ರೆಕನ್, ಅದು ಹಂಫ್ರಿ ಡಿ ಬೋಹನ್‌ನದು. ಇಬ್ಬರ ಗಡಿಯಲ್ಲಿ ಗಿಲ್ಬರ್ಟ್ ಮೋರ್ಲೈಸ್ ಎಂಬ ಕೋಟೆ ಎಬ್ಬಿಸಿದ. ಅದು ತನ್ನ ನೆಲ ಅಂದ ಬೋಹನ್. ಮಾಮೂಲಿನಂತೆ ಕತ್ತಿ ಹಿಡಿಯುವ ಬದಲು ಅವನು ರಾಜ ಒಂದನೇ ಎಡ್ವರ್ಡ್‌ನ ಬಳಿ ದೂರು ಕೊಟ್ಟ. ಮಾರ್ಚ್‌ನ ಪ್ರಭುವೊಬ್ಬ ಹಾಗೆ ಮಾಡಿದ್ದೇ ಒಂದು ಸೋಜಿಗ. 1290ರ ಆರಂಭದಲ್ಲಿ ರಾಜ ಇಬ್ಬರಿಗೂ ಹೊಡೆದಾಟ ನಿಲ್ಲಿಸಿ ಅಂದ. ಆಮೇಲೂ ಗಿಲ್ಬರ್ಟ್‌ನ ಆಳುಗಳು ಅವನ ಬಾವುಟ ಹಿಡಿದೇ ಬ್ರೆಕನ್‌ಗೆ ನುಗ್ಗಿ ದನ ಹೊಡೆದುಕೊಂಡು ಬಂದರು.

1291ರಲ್ಲಿ ವಿಚಾರಣೆಗೆ ರಾಜನ ಆಯುಕ್ತರು ಬಂದರು. ಬೇರೆ ಮಾರ್ಚರ್ ಪ್ರಭುಗಳನ್ನು ಕರೆದು, ಧರ್ಮಗ್ರಂಥ ಮುಟ್ಟಿ ಪ್ರಮಾಣ ಮಾಡಿ ಸಾಕ್ಷಿ ಹೇಳಿ ಅಂದರು. ಒಬ್ಬರೂ ಮುಟ್ಟಲಿಲ್ಲ. ನಮ್ಮ ಹಿರಿಯರನ್ನು ಇಂಥದ್ದು ಯಾರೂ ಕೇಳಿದ್ದಿಲ್ಲ, ನಾವೂ ಮಾಡುವುದಿಲ್ಲ ಅಂದರು. ಸಾರ್ವಜನಿಕ ಹಿತಕ್ಕಾಗಿ ರಾಜ ಎಷ್ಟೋ ಸಂದರ್ಭಗಳಲ್ಲಿ ಕಾನೂನು, ರೂಢಿಗಳಿಗಿಂತ ಮೇಲೆ ಎಂದು ಆಯುಕ್ತರು ಉತ್ತರಿಸಿದರು. ಕೊನೆಗೆ ಇಬ್ಬರು ಪ್ರಭುಗಳಿಗೂ ಸೆರೆ. ಗಿಲ್ಬರ್ಟ್‌ಗೆ 10,000 ಮಾರ್ಕ್ ದಂಡ, ಬೋಹನ್‌ಗೆ 1,000. ಒಂದು ಮಾರ್ಕ್ ಅಂದರೆ ಪೌಂಡಿನ ಮೂರರಲ್ಲಿ ಎರಡು ಪಾಲು. ಗ್ಲಮಾರ್ಗನ್, ಬ್ರೆಕನ್ ಎರಡನ್ನೂ ಅವರವರ ಜೀವಮಾನಕ್ಕೆ ಮುಟ್ಟುಗೋಲು ಹಾಕಿ, ಸ್ವಲ್ಪ ದಿನದಲ್ಲೇ ರಾಜ ವಾಪಸ್ ಕೊಟ್ಟ. ಕಿತ್ತುಕೊಳ್ಳಬಲ್ಲೆ ಅಂತ ತೋರಿಸಿದರೆ ಸಾಕಿತ್ತು ಅವನಿಗೆ.

ಇದೇ ಗಿಲ್ಬರ್ಟ್ 1290ರಲ್ಲೇ ರಾಜನ ಮಗಳು ಜೋನ್‌ಳನ್ನು ಮದುವೆಯಾಗಿದ್ದ ಅನ್ನುವುದನ್ನೂ ನೆನಪಿಡಿ. ಆ ಮದುವೆಗಾಗಿ ತನ್ನ ಜಮೀನನ್ನೆಲ್ಲ ಮೊದಲು ಮಾವನಿಗೆ ಒಪ್ಪಿಸಿ, ಆಮೇಲೆ ಗಂಡ ಹೆಂಡತಿ ಇಬ್ಬರ ಹೆಸರಿಗೂ ಜಂಟಿಯಾಗಿ ಮರಳಿ ಪಡೆದಿದ್ದ. ದಂಡಕ್ಕಿಂತ ಈ ಮದುವೆಯ ಕರಾರೇ ದೊಡ್ಡ ಪೆಟ್ಟು ಅನ್ನುವುದು ನನ್ನ ಅಭಿಪ್ರಾಯ.

ಪ್ರಶ್ನೆ (ಮೊದಲು ಕೇಳಿದವರೇ): ಗಂಡು ಮಕ್ಕಳಿಲ್ಲದಿದ್ದರೆ? ಹೆಣ್ಣು ಮಕ್ಕಳಿಗೆ ಹಕ್ಕಿತ್ತಾ ಸರ್?

ಉತ್ತರ: ಇತ್ತು. ಗಂಡು ಮಕ್ಕಳಿದ್ದರೆ ಹಿರಿಯವನಿಗೆ ಎಲ್ಲವೂ. ಗಂಡಿಲ್ಲದೆ ಹೆಣ್ಣು ಮಕ್ಕಳೇ ಇದ್ದರೆ ಹಿರಿಯಳು ಕಿರಿಯಳು ಅನ್ನದೆ ಸಮಪಾಲು. ವಿಧವೆಗೆ ಅವಳ ಜೀವಮಾನಕ್ಕೆ ಮೂರನೇ ಒಂದು ಪಾಲು. ಇದು ಇಂಗ್ಲಿಷ್ ಕಾನೂನು, ಆದರೆ ಪ್ರಭುತ್ವಗಳು ಕೈ ಬದಲಾದದ್ದು ಇದರ ಪ್ರಕಾರವೇ.

ವಿಲಿಯಂ ಮಾರ್ಷಲ್‌ನ ಮನೆತನ ನೋಡಿ. ಆತ 1189ರಲ್ಲಿ ಇಸಬೆಲ್ ಡಿ ಕ್ಲೇರ್‌ಳನ್ನು ಮದುವೆಯಾಗಿ ಚೆಪ್‌ಸ್ಟೋ ಪಡೆದ, ಮುಂದೆ ಪೆಂಬ್ರೋಕ್ ಕೂಡ ಬಂತು. ಐವರು ಗಂಡು ಮಕ್ಕಳು, ಐವರು ಹೆಣ್ಣು ಮಕ್ಕಳು. ಐವರು ಗಂಡು ಮಕ್ಕಳೂ ಒಬ್ಬರ ಹಿಂದೊಬ್ಬರು ಪಟ್ಟಕ್ಕೆ ಬಂದು, ಒಬ್ಬರಿಗೂ ವಾರಸುದಾರ ಮಕ್ಕಳಿಲ್ಲದೆ 1245ರ ಹೊತ್ತಿಗೆ ತೀರಿಕೊಂಡರು. ಎಲ್ಲವೂ ಐದು ಹೆಣ್ಣುಮಕ್ಕಳ ಕಡೆಗೆ ಹರಿದು ಹಂಚಿಹೋಯಿತು. ಆ ಪೈಕಿ ಈವಾ ಎಂಬವಳ ಗಂಡ, ಮೊದಲು ಹೇಳಿದ ಬ್ರೋಸ್ ವಂಶದವನು. ವೆಲ್ಷ್ ಅರಸ ಲೆವೆಲಿನ್‌ನ ಹೆಂಡತಿಯ ಜೊತೆ ಸಿಕ್ಕಿಬಿದ್ದು 1230ರಲ್ಲಿ ಗಲ್ಲಿಗೇರಿದ. ಅವನಿಗೂ ಗಂಡು ಸಂತಾನವಿಲ್ಲ, ನಾಲ್ವರು ಹೆಣ್ಣು ಮಕ್ಕಳು. ಅದರಿಂದ ಬ್ರೆಕನ್ ಬೋಹನ್ ಮನೆಗೆ, ರಾಡ್ನರ್ ಮಾರ್ಟಿಮರ್ ಮನೆಗೆ, ಅಬರ್ಗವೆನ್ನಿ ಕ್ಯಾಂಟಿಲೂಪ್ ಮನೆಗೆ ಹೋದವು. ಗಡಿನಾಡಿನ ಮುಂದಿನ ನೂರು ವರ್ಷದ ನಕ್ಷೆಯನ್ನು ಬರೆದದ್ದು ಈ ನಾಲ್ವರ ಮದುವೆಗಳೇ.

ಕ್ಲೇರ್ ಮನೆತನದ್ದು ಇನ್ನೂ ರೋಚಕ. ಗಿಲ್ಬರ್ಟ್‌ನ ಮಗ, ಅವನ ಹೆಸರೂ ಗಿಲ್ಬರ್ಟ್, 1314ರ ಜೂನ್ 24ರಂದು ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಸತ್ತ. ಮಕ್ಕಳಿಲ್ಲ. ಮೂವರು ಸಹೋದರಿಯರು. ಪಾಲು ಮಾಡಬೇಕು ಅನ್ನುವಷ್ಟರಲ್ಲಿ ಅವನ ಹೆಂಡತಿ ಮಟಿಲ್ಡಾ ತಾನು ಬಸುರಿ ಅಂದಳು. ಹುಟ್ಟುವ ಮಗುವಿಗೇ ಹಕ್ಕು, ಹಾಗಾಗಿ ಕಾಯಬೇಕು. ಒಂಬತ್ತು ತಿಂಗಳು ಕಳೆಯಿತು. ವರ್ಷ ಕಳೆಯಿತು. ಅರಮನೆಯ ವಕೀಲರು ಮಾತ್ರ ಬಸುರಿನ ಮಾತು ಬಿಡಲೇ ಇಲ್ಲ! ಕಾರಣ ಸರಳ: ತೀರ್ಮಾನ ಆಗುವವರೆಗೂ ಇಡೀ ಜಮೀನಿನ ಆದಾಯ ಎರಡನೇ ಎಡ್ವರ್ಡ್‌ನ ಖಜಾನೆಗೆ ಬರುತ್ತಿತ್ತು. 1317ರಲ್ಲಿ ಕೊನೆಗೂ ಪಾಲಾಯಿತು. ಎಲಿನಾರ್‌ಗೆ ಗ್ಲಮಾರ್ಗನ್, ಮಾರ್ಗರೆಟ್‌ಗೆ ನ್ಯೂಪೋರ್ಟ್, ಎಲಿಜಬೆತ್‌ಗೆ ಅಸ್ಕ್.

ಎಲಿನಾರ್‌ಳ ಗಂಡ ಹ್ಯೂ ಡೆಸ್ಪೆನ್ಸರ್, ರಾಜನಿಗೆ ಬಲು ಆಪ್ತ. ತನ್ನ ಪಾಲಿಗೆ ತೃಪ್ತನಾಗದೆ ನಾದಿನಿಯರ ಪಾಲಿಗೂ ಕೈಹಾಕಿ ನ್ಯೂಪೋರ್ಟ್ ಕಿತ್ತುಕೊಂಡ. ಆಮೇಲೆ ಅವನ ಕಣ್ಣು ಪಶ್ಚಿಮದ ಗವರ್ ಮೇಲೆ ಬಿತ್ತು. ಅಲ್ಲಿನ ಬ್ರೋಸ್ ಪ್ರಭು ಒಂದೇ ಜಮೀನನ್ನು ಹಲವರ ಜೊತೆ ವ್ಯಾಪಾರ ಕುದುರಿಸುತ್ತಿದ್ದ ಆಸಾಮಿ. 1320ರಲ್ಲಿ ಅವನ ಅಳಿಯ ಮೌಬ್ರೆ ಗವರ್ ವಶಕ್ಕೆ ತೆಗೆದುಕೊಂಡ. ರಾಜನ ಪರವಾನಗಿ ಇಲ್ಲದೆ ಭೂಮಿ ಕೈ ಬದಲಾಗಿದೆ ಅಂತ ಅರಮನೆ ಅದನ್ನು ಜಪ್ತಿಗೆ ಆದೇಶಿಸಿತು. ಮಾರ್ಚ್ ಸೀಮೆಯಲ್ಲಿ ಅಂಥ ಪರವಾನಗಿ ಯಾವ ಕಾಲಕ್ಕೂ ಬೇಕಿರಲಿಲ್ಲ ಅಂತ ಪ್ರಭುಗಳೆಲ್ಲ ಒಟ್ಟಾದರು. 1321ರ ಮೇ ತಿಂಗಳಲ್ಲಿ ಡೆಸ್ಪೆನ್ಸರ್‌ನ ಪ್ರಭುತ್ವಗಳನ್ನೆಲ್ಲ ಸುಟ್ಟು ಸೂರೆ ಮಾಡಿ, ಅವನನ್ನು ಗಡೀಪಾರು ಮಾಡಿಸಿದರು. ಆದರೆ ಮರುವರ್ಷ ಬರೋಬ್ರಿಜ್ ಕದನದಲ್ಲಿ ರಾಜನ ಕೈ ಮೇಲಾಯಿತು, ಡೆಸ್ಪೆನ್ಸರ್ ಮರಳಿ ಬಂದ. ಒಂದು ಆಸ್ತಿ ವ್ಯಾಜ್ಯ ಅಂತರ್ಯುದ್ಧವಾಗಿ ಬೆಳೆದ ಪರಿ ಇದು.

ಪ್ರಶ್ನೆ (ಗುಂಪಿನ ಇನ್ನೊಬ್ಬ ಸದಸ್ಯರು): ವೆಲ್ಷ್ ಜನರಿಗೂ ಇದೇ ಕಾನೂನಾ?

ಉತ್ತರ: ಅಲ್ಲ. ಬಹಳಷ್ಟು ಪ್ರಭುತ್ವಗಳಲ್ಲಿ ತಗ್ಗಿನ ಫಲವತ್ತಾದ ನೆಲ ಇಂಗ್ಲಿಷ್ ಭಾಗ, ಗುಡ್ಡದ ಕಡೆ ವೆಲ್ಷ್ ಭಾಗ. ವೆಲ್ಷ್ ಪದ್ಧತಿಯಲ್ಲಿ ಗಂಡು ಮಕ್ಕಳಿಗೆಲ್ಲ ಸಮಪಾಲು. ತಂದೆ ತನ್ನವನೆಂದು ಒಪ್ಪಿಕೊಂಡರೆ ಮದುವೆಯ ಹೊರಗೆ ಹುಟ್ಟಿದವನಿಗೂ ಪಾಲು. ಹೆಣ್ಣು ಮಕ್ಕಳಿಗೆ ಭೂಮಿ ಇಲ್ಲ. ಭೂಮಿ ಮಾರುವಂತೆಯೂ ಇಲ್ಲ. ಜನ ಅದಕ್ಕೊಂದು ದಾರಿ ಹುಡುಕಿಕೊಂಡಿದ್ದರು: ನಾಲ್ಕು ವರ್ಷಕ್ಕೆ ಭೋಗ್ಯಕ್ಕೆ ಕೊಡುವುದು, ಅವಧಿ ಮುಗಿದಂತೆಲ್ಲ ಮತ್ತೆ ನಾಲ್ಕು ವರ್ಷ. ಹೆಸರಿಗೆ ಭೋಗ್ಯ, ನಡೆದದ್ದು ಮಾರಾಟ.

ಎರಡು ಕಾನೂನು ಡಿಕ್ಕಿ ಹೊಡೆದದ್ದು ಮಧ್ಯ ವೇಲ್ಸಿನ ದಕ್ಷಿಣ ಪೊವಿಸ್‌ನಲ್ಲಿ. ಅಲ್ಲಿನ ವೆಲ್ಷ್ ಅರಸು ಮನೆತನ ಇಂಗ್ಲೆಂಡಿನ ಪಕ್ಷ ಸೇರಿ, ಮಾರ್ಚ್‌ನ ಪ್ರಭುಗಳ ಸಾಲಿಗೇ ಬಂದಿತ್ತು. 1309ರಲ್ಲಿ ವಾರಸುದಾರ ಹುಡುಗ ತೀರಿಕೊಂಡ. ಉಳಿದವರು ಅವನ ಅಕ್ಕ ಹವೀಸ್ ಮತ್ತು ಚಿಕ್ಕಪ್ಪ. ವೆಲ್ಷ್ ಕಾನೂನಿನಂತೆ ಹೆಣ್ಣಿಗೆ ಹಕ್ಕಿಲ್ಲ, ಎಲ್ಲ ನನ್ನದು ಅಂದ ಚಿಕ್ಕಪ್ಪ. ಹವೀಸ್‌ಳನ್ನು ಮದುವೆಯಾದವನು ಜಾನ್ ಚಾರ್ಲ್ಟನ್, ಅರಮನೆಯಲ್ಲಿ ಪ್ರಭಾವಿ. ಈ ಭೂಮಿ ಇಂಗ್ಲಿಷ್ ರೀತಿಯಲ್ಲಿ ರಾಜನಿಂದ ಹಿಡಿದದ್ದು, ಹೆಣ್ಣಿಗೂ ಸಲ್ಲುತ್ತದೆ ಅಂತಾಯಿತು. 1312ರಲ್ಲಿ ಚಿಕ್ಕಪ್ಪ ವೆಲ್ಷ್‌ಪೂಲ್ ಕೋಟೆಗೆ ಮುತ್ತಿಗೆಯನ್ನೂ ಹಾಕಿದ, ಪ್ರಯೋಜನವಾಗಲಿಲ್ಲ. ಹವೀಸ್‌ಗೆ ಗೆಲುವು, ಸರಿ. ಆದರೆ ಅವಳ ಗಂಡ ರಾಜನ ಕಡೆಯವನಲ್ಲದಿದ್ದರೂ ತೀರ್ಪು ಹೀಗೇ ಬರುತ್ತಿತ್ತೇ? ನನಗೆ ಅನುಮಾನ.

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ): ಎಂಟನೇ ಹೆನ್ರಿ 1536ರಲ್ಲಿ ಒಂದೇ ಕಾಯ್ದೆಯಿಂದ ಇದನ್ನೆಲ್ಲ ರದ್ದು ಮಾಡಿದ ಅಂತ ಓದಿದ್ದೆ. ಪ್ರಭುಗಳು ಯಾಕೆ ದಂಗೆ ಏಳಲಿಲ್ಲ?

ಉತ್ತರ: ಏಳಲು ದೊಡ್ಡ ಪ್ರಭುಗಳು ಉಳಿದಿದ್ದರೆ ತಾನೆ ಮೇಡಂ! ಆ ಹೊತ್ತಿಗೆ ಮಾರ್ಚ್‌ನ ಬಹುಪಾಲಿಗೆ ರಾಜನೇ ಪ್ರಭು. ಅದರಲ್ಲಿ ಹೆಚ್ಚಿನದು ಮದುವೆ ಮತ್ತು ವಾರಸಿನಿಂದಲೇ ಬಂದದ್ದು.

ಬೋಹನ್ ಮನೆತನದಲ್ಲಿ ಕೊನೆಗೆ ಉಳಿದವರು ಇಬ್ಬರು ಹೆಣ್ಣು ಮಕ್ಕಳು. ಕಿರಿಯಳು ಮೇರಿಯ ಗಂಡ 1399ರಲ್ಲಿ ನಾಲ್ಕನೇ ಹೆನ್ರಿಯಾದ. ಅವನ ಲ್ಯಾಂಕಾಸ್ಟರ್ ಮನೆತನಕ್ಕೆ ಕಿಡ್ವೆಲಿ ಬಂದದ್ದೂ ಮಾಡ್ ಚಾವರ್ತ್ ಎಂಬ ಉತ್ತರಾಧಿಕಾರಿಣಿಯ ಮದುವೆಯಿಂದ. ಇತ್ತ ಮಾರ್ಟಿಮರ್ ಮನೆ: 1328ರಲ್ಲಿ ಮಾರ್ಚ್‌ನ ಅರ್ಲ್ (ದೊಡ್ಡ ಪ್ರಭುವಿನ ಬಿರುದು) ಆದ ರೋಜರ್ ಎರಡೇ ವರ್ಷಕ್ಕೆ ಲಂಡನ್ನಿನ ಟೈಬರ್ನ್‌ನಲ್ಲಿ ನೇಣಿಗೇರಿದ, ಮೊಮ್ಮಗ 1354ರಲ್ಲಿ ಎಲ್ಲ ಮರಳಿ ಪಡೆದ. 1425ರಲ್ಲಿ ಐದನೇ ಅರ್ಲ್ ಮಕ್ಕಳಿಲ್ಲದೆ ಸತ್ತಾಗ ಆಸ್ತಿ ಅವನ ಅಕ್ಕನ ಮಗ, ಯಾರ್ಕ್‌ನ ಡ್ಯೂಕ್ ರಿಚರ್ಡ್‌ಗೆ ಹೋಯಿತು. ರಿಚರ್ಡ್‌ನ ಮಗ 1461ರಲ್ಲಿ ನಾಲ್ಕನೇ ಎಡ್ವರ್ಡ್ ಆಗಿ ಸಿಂಹಾಸನ ಏರಿದ, ಮಾರ್ಟಿಮರ್‌ಗಳ ಪ್ರಭುತ್ವಗಳೆಲ್ಲ ಅವನ ಜೊತೆಗೇ ಅರಮನೆ ಸೇರಿದವು. ಹೊರಗೆ ಉಳಿದ ದೊಡ್ಡವನು ಬಕಿಂಗ್‌ಹ್ಯಾಮ್‌ನ ಡ್ಯೂಕ್. ಬ್ರೆಕನ್, ನ್ಯೂಪೋರ್ಟ್ ಎರಡೂ ಅವನ ಕೈಯಲ್ಲಿದ್ದವು. 1521ರಲ್ಲಿ ರಾಜದ್ರೋಹದ ಆರೋಪದ ಮೇಲೆ ಅವನ ತಲೆ ಹೋಯಿತು, ಆಸ್ತಿ ಎಂಟನೇ ಹೆನ್ರಿಗೆ ಬಂತು. ಇಲ್ಲಿ ಮಾತ್ರ ಕೊಡಲಿ ಬೇಕಾಯಿತು.

ಹಾಗಾಗಿ 1536ರ ಕಾಯ್ದೆಯಲ್ಲಿ ಹೆನ್ರಿ ರದ್ದು ಮಾಡಿದ್ದು ಹೆಚ್ಚಾಗಿ ತನ್ನದೇ ಅಧಿಕಾರವನ್ನು. ಡೆನ್‌ಬಿ, ಮಾಂಟ್‌ಗಮರಿ, ರಾಡ್ನರ್, ಬ್ರೆಕ್‌ನಕ್, ಮಾನ್‌ಮತ್ ಎಂಬ ಐದು ಹೊಸ ಕೌಂಟಿಗಳಾದವು, ಉಳಿದ ತುಂಡುಗಳು ಹಳೆಯ ಕೌಂಟಿಗಳಿಗೆ ಸೇರಿದವು. ಉಳಿದಿದ್ದ ಸಣ್ಣಪುಟ್ಟ ಪ್ರಭುಗಳಿಗೆ ಜಮೀನು, ಗೇಣಿ, ಊರಮಟ್ಟದ ಕೋರ್ಟು ಇವೆಲ್ಲ ಉಳಿದವು. ಕೊಲೆ, ದರೋಡೆ ಪ್ರಕರಣಗಳು ಮಾತ್ರ ಕೈತಪ್ಪಿದವು. 1543ರ ಇನ್ನೊಂದು ಕಾಯ್ದೆ ವೆಲ್ಷ್ ಜನರ ಸಮಪಾಲಿನ ಪದ್ಧತಿಯನ್ನೂ ತೆಗೆದುಹಾಕಿತು. ಅಲ್ಲಿಂದ ಮುಂದೆ ಗುಡ್ಡದ ರೈತನ ಮನೆಯಲ್ಲೂ ಹಿರಿಯ ಮಗನಿಗೇ ಭೂಮಿ.