ಸಹಾಯ ಬೇಕು: ಗ್ರಾಫಿಂಗ್ ಕ್ಯಾಲ್ಕುಲೇಟರ್ ಸ್ಕ್ರೀನಲ್ಲಿ ಗೆರೆ ಕಾಣ್ತಾ ಇಲ್ಲ

ಎಲ್ಲರಿಗೂ ನಮಸ್ಕಾರ, ನಾನು ಸುರತ್ಕಲ್‌ನವ, ಸರ್ವೆ ಕೆಲಸ. ನನ್ನತ್ರ ಕ್ಯಾಸಿಯೊ ಎಫ್‌ಎಕ್ಸ್-9750ಜಿಐಐ ಉಂಟು. ಹೋದ ವಾರ ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಜೋರು ಮಳೆ ಬಂದು ಬ್ಯಾಗ್ ಪೂರ್ತಿ ಚಂಡಿ ಆಯ್ತು, ಒಣಗಿಸಿ ಆನ್ ಮಾಡಿದ್ರೆ ಕ್ಯಾಲ್ಕುಲೇಟರ್ ಸರಿ ಇದೆ, ಲೆಕ್ಕವೂ ಸರಿ ಬರ್ತದೆ, ಆದ್ರೆ ಸ್ಕ್ರೀನಿನ ಬಲಬದಿ ಮೇಲಿಂದ ಕೆಳಗೆ ನಾಲ್ಕೈದು ಗೆರೆಯಷ್ಟು ಜಾಗದಲ್ಲಿ ಎಂತದ್ದೂ ಕಾಣುದಿಲ್ಲ. 8 ಯಾವುದು 3 ಯಾವುದು ಗೊತ್ತಾಗುದಿಲ್ಲ, ಸರ್ವೆಯಲ್ಲಿ ಅದು ದೊಡ್ಡ ಅಪಾಯ ಮಾರಾಯ್ರೆ. ಕಾಂಟ್ರಾಸ್ಟ್ ಹೆಚ್ಚು ಕಡಿಮೆ ಮಾಡಿ ನೋಡಿದೆ, ಬ್ಯಾಟರಿ ನಾಲ್ಕೂ ಹೊಸತು ಹಾಕಿದೆ, ಹಾಗೇ ಉಂಟು.

ಆಫ್ ಇರುವಾಗ ಓಪಿಟಿಎನ್, ಇಎಕ್ಸ್‌ಪಿ ಕೀ ಎರಡನ್ನೂ ಒತ್ತಿ ಹಿಡಿದು ಎಸಿ/ಆನ್ ಒತ್ತಿ, ಕೈಬಿಟ್ಟು ಎಫ್1, ಮತ್ತೆ 9 ಒತ್ತಿದ್ರೆ ಒಳಗಿನ ಡಯಾಗ್ನಾಸ್ಟಿಕ್ ಮೋಡ್ ತೆರೀತದೆ ಅಂತ ಗೆಳೆಯ ಹೇಳಿದ. ಕಂಪನಿಯವರು ಸ್ಕ್ರೀನ್, ಕೀ ಎಲ್ಲ ಟೆಸ್ಟ್ ಮಾಡ್ಲಿಕ್ಕೆ ಇಟ್ಟದ್ದಂತೆ. ನಂಗೆ ಹೆದರಿಕೆ ಎಂತ ಅಂದ್ರೆ ಅಲ್ಲಿ ತಪ್ಪಿ ಬೇರೆ ಟೆಸ್ಟ್ ಒತ್ತಿ ಮೆಮೊರಿ ಅಳಿಸಿ ಹೋದ್ರೆ? ಟ್ರಾವರ್ಸ್ (ಬಿಂದುವಿಂದ ಬಿಂದುವಿಗೆ ದೂರ, ಕೋನ ಅಳೆದು ಮಾಡುವ) ಲೆಕ್ಕದ ಪ್ರೋಗ್ರಾಂಗಳನ್ನು ನನಗೆ ಕೆಲಸ ಕಲಿಸಿದ ಸರ್ ಕೂತು ಬರೆದು ಕೊಟ್ಟದ್ದು, ಅವರು ಈಗ ಇಲ್ಲ, ಬೇರೆ ಕಾಪಿಯೂ ಇಲ್ಲ.

ಸ್ಕ್ರೀನ್ ಮಾತ್ರ ಟೆಸ್ಟ್ ಮಾಡುದು ಯಾವ ಆಯ್ಕೆ? ಮೊದಲು ಯುಎಸ್‌ಬಿ ಕೇಬಲಿನಲ್ಲಿ ಕಂಪ್ಯೂಟರಿಗೆ ಪ್ರೋಗ್ರಾಂ ತೆಗೆದಿಡ್ಲಿಕ್ಕೆ ಯಾರಾದ್ರೂ ಹೇಳಿಕೊಡ್ತೀರಾ? ಮಂಗಳೂರು, ಉಡುಪಿ ಕಡೆ ಇಂಥ ಡಿಸ್‌ಪ್ಲೇ ಬಿಚ್ಚಿ ರಿಪೇರಿ ಮಾಡುವವರು ಇದ್ರೆ ದಯವಿಟ್ಟು ತಿಳಿಸಿ, ನಾನೇ ತಕೊಂಡು ಬರ್ತೇನೆ.