ಟಾರು ಆಮೇಲೆ, ಮೊದಲು ರೋಲರ್ ಕೇಳೋಣ

4ನೇ ಕ್ರಾಸ್, ಕೊನೇ ಮನೆ
ಬಡಾವಣೆ ಗ್ರೂಪಿನ ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಸಿ ಮಾಚೇನಹಳ್ಳಿಯಿಂದ ಬರ್ತಾ ಹಾಲಿನ ಬೂತ್ ತಿರುವಿನಲ್ಲಿ ಬೈಕ್ ಸಮೇತ ಬಿದ್ದೆ. ಮೊಣಕೈ ತರಚಿದೆ, ಬ್ರೇಕ್ ಲಿವರ್ ಮುರಿದಿದೆ, ಅಷ್ಟೇ. ದಯವಿಟ್ಟು ಯಾರೂ ಫೋನ್ ಮಾಡಬೇಡಿ, ಮಧ್ಯಾಹ್ನದವರೆಗೆ ಮಲಗ್ತೀನಿ.

ಬೆಳಗ್ಗೆ ಎದ್ದು ಬಿದ್ದ ಜಾಗ ನೋಡಿಬಂದೆ. ಅಲ್ಲಿ ಗುಂಡಿ ಇಲ್ಲ, ಎಲ್ಲರೂ ಗುಂಡಿ ಗುಂಡಿ ಅಂತೀವಲ್ಲ! ಪೈಪಿಗೆ ಅಗೆದು ಮುಚ್ಚಿದ ಮೇಲೆ 40 ಎಂಎಂ ಜಲ್ಲಿ ಸುರಿದು, ಜೆಸಿಬಿ ಬಕೆಟಿನ ಬೆನ್ನಲ್ಲಿ ಎಳೆದು ಹೋದ್ರು ನೋಡಿ, ರೋಲರ್ ಬರಲೇ ಇಲ್ಲ. ಮೂರು ತಿಂಗಳಿಂದ ಟಿಪ್ಪರ್, ಸ್ಕೂಲ್ ವ್ಯಾನ್ ಓಡಾಡಿ ಗಾಲಿ ಜಾಡು ಎರಡೂ ಗಟ್ಟಿಯಾಗಿದೆ. ಅಲ್ಲಿದ್ದ ಜಲ್ಲಿಯೆಲ್ಲ ನಡುವಿಗೂ ಅಂಚಿಗೂ ಸರಿದು ಏರಿ ಕಟ್ಟಿದೆ. ತಿರುವಿನಲ್ಲಂತೂ ಗಟ್ಟಿ ನೆಲದ ಮೇಲೆ ಬಿಡಿ ಕಲ್ಲು. ಒಣಗಲಿಕ್ಕೆ ಹಾಕಿದ ಗೋಟಡಿಕೆ ಮೇಲೆ ಕಾಲಿಟ್ಟ ಹಾಗೆ. ಎದುರಿಗೆ ನಾಯಿ ಬಂತು, ಮುಂದಿನ ಬ್ರೇಕ್ ಹಿಡಿದೆ, ಮುಗೀತು.

ಮಿರ್ಗದ ಮಳೆ ಹಿಡಿಯೋ ಮೊದಲು ಏನಾದರೂ ಆಗಬೇಕು. ಏನು ಕೇಳೋದು ಅಂತ ಇಲ್ಲೇ ತೀರ್ಮಾನ ಮಾಡೋಣ.

2ನೇ ಕ್ರಾಸ್, ತೆಂಗಿನಮರದ ಮನೆ
ಅಯ್ಯೋ ದೇವರೇ. ಟಿಟಿ ಇಂಜೆಕ್ಷನ್ ಹಾಕಿಸ್ಕೊಂಡ್ರಾ?

1ನೇ ಕ್ರಾಸ್, ನೀಲಿ ಗೇಟ್
ಇನ್ನೇನು ತೀರ್ಮಾನ? ಟಾರ್ ರಸ್ತೆ ಬೇಕು ಅಂತ ಧರಣಿ ಕೂರೋದು. ಮುಖ್ಯರಸ್ತೆ ಬಂದ್ ಮಾಡಿದ್ರೆ ತಾವಾಗೇ ಬರ್ತಾರೆ.

3ನೇ ಕ್ರಾಸ್, ನಿವೃತ್ತ ಓವರ್‌ಸಿಯರ್
ಈಗ ಟಾರ್ ಕೇಳಿದರೆ ಅವರಿಗೇ ಒಳ್ಳೇದು ಕಣ್ರೀ. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರ್ ಅಂತ ಫೈಲು ಒಂದು ಸುತ್ತು ಬರುವಷ್ಟರಲ್ಲಿ ಮಳೆಗಾಲ. ಹಸಿ ತಳದ ಮೇಲೆ ಟಾರ್ ಹಾಕೋ ಹಾಗಿಲ್ಲ, ದೀಪಾವಳಿ ಕಳೀಲಿ ಅಂತಾರೆ. ಅದು ಸುಳ್ಳೂ ಅಲ್ಲ. ಹಾಕಿದರೂ ಈ ತಳದ ಮೇಲೆ ನಿಲ್ಲಲ್ಲ.

ನಾವು ಕೇಳಬೇಕಾದ್ದು ಅರ್ಧಕ್ಕೆ ಬಿಟ್ಟ ಕೆಲಸ. ಜಲ್ಲಿ ಹಾಸಿದ ಮೇಲೆ ರೋಲರ್ ಓಡಿಸಬೇಕು, ಕಲ್ಲು ಕಲ್ಲಿಗೆ ಕಚ್ಚಿಕೊಳ್ಳಬೇಕು. ಸಂದಿಗೆ ಸಣ್ಣ ಜಲ್ಲಿ, ಕಲ್ಲುಪುಡಿ ತುಂಬಿ, ನೀರು ಹೊಡೆದು ಮತ್ತೆ ರೋಲರ್. ಹಾಗೆ ಕೂತ ಪದರ 75 ಎಂಎಂ ಇದ್ದರೂ ಸಾಕು, ಟಾರ್ ಇಲ್ಲದೆ ಒಂದು ಮಳೆಗಾಲ ತಡೆಯುತ್ತೆ. ಕಲ್ಲು ಈಗಾಗಲೇ ಬಿದ್ದಿದೆ. ಬೇಕಾದ್ದು ಒಂದು ರೋಲರ್, ಎರಡು ಲೋಡ್ ಪುಡಿ, ಒಂದು ಟ್ಯಾಂಕರ್. ಎರಡು ದಿನದ ಕೆಲಸ.

ಪೈಪಿನ ಕಾಲುವೆಯದ್ದು ಬೇರೆ ಕತೆ. ಮಣ್ಣನ್ನ ಪದರ ಪದರವಾಗಿ ಹಾಕಿ, ನೀರು ಬಿಟ್ಟು ದಿಮ್ಮಸು ಹೊಡೀಬೇಕಿತ್ತು. ಒಂದೇ ಸಲ ದೂಡಿ ಮುಚ್ಚಿದ್ದಾರೆ. ಮೊದಲ ದೊಡ್ಡ ಮಳೆಗೆ ಆ ಪಟ್ಟಿ ಉದ್ದಕ್ಕೂ ಕುಸಿಯುತ್ತೆ, ಬರೆದಿಟ್ಕೊಳ್ಳಿ. ಹಾಗಾಗಿ ಮೊದಲು ಅದನ್ನ ತುಂಬಿಸಿ, ಆಮೇಲೆ ರೋಲರ್.

1ನೇ ಕ್ರಾಸ್, ನೀಲಿ ಗೇಟ್
ಮನೆಗೆ 500 ಹಾಕಿ ನಾವೇ ಜಂಬಿಟ್ಟಿಗೆ ಮಣ್ಣು ಹೊಡೆಸಿದ್ರೆ? ಯಾರ ಕಾಲೂ ಹಿಡಿಯೋದು ಬೇಡ.

3ನೇ ಕ್ರಾಸ್, ನಿವೃತ್ತ ಓವರ್‌ಸಿಯರ್
ಬರೀ ಮಣ್ಣು ಸುರಿದರೆ ಈಗ ಧೂಳು, ಮಳೆಗೆ ಪಾಯಸ. ಬೈಕಿನವರು ಜಲ್ಲಿಯೇ ವಾಸಿ ಅಂತಾರೆ ಆಗ. ಕಲ್ಲಿನ ಸಂದಿಗೆ ಬೇಕಾದಷ್ಟೇ ಮಣ್ಣು, ಅದೂ ರೋಲರ್ ಇದ್ದರೆ ಮಾತ್ರ.

5ನೇ ಕ್ರಾಸ್, ಹೊಸ ಮನೆ
ಇವತ್ತು ನೀರು ಬಿಡ್ತಾರಾ?

ಅಡ್ಮಿನ್
ನೀರಿನ ವಿಷಯ ಇನ್ನೊಂದು ಗ್ರೂಪಲ್ಲಿ ಕೇಳಿ ಸಾರ್.

2ನೇ ಕ್ರಾಸ್, ಟೀಚರ್
ನಾನು ದಿನಾ ಆಯನೂರು ಕಡೆ ಶಾಲೆಗೆ ಸ್ಕೂಟರಲ್ಲಿ ಹೋಗ್ತೀನಿ. ಹೈವೇಲಿ ಭಯ ಇಲ್ಲ, ನಮ್ಮ ಈ ಒಂದು ಕಿಲೋಮೀಟರಿಗೇ ಕೈ ಬೆವರುತ್ತೆ. ಬೈಕಿಗೆ 17, 18 ಇಂಚಿನ ಚಕ್ರ, ನನ್ನ ಸ್ಕೂಟರಿಗೆ ಹಿಂದೆ 10 ಇಂಚು. ಕಲ್ಲು ಹತ್ತಲ್ಲ, ಕಲ್ಲಿಗೆ ಒದ್ದು ನಿಲ್ಲುತ್ತೆ. ರೋಲರ್ ಬರೋವರೆಗೂ ಹೇಗೆ ಓಡಿಸೋದು ಅಂತ ಗೊತ್ತಿದ್ದವರು ಹೇಳಿ. ತಮ್ಮ, ನೀನು ಗ್ಯಾರೇಜಿನವನು, ಸುಮ್ನೆ ಓದ್ತಾ ಕೂತಿದೀಯ.

ಗ್ಯಾರೇಜ್ ತಮ್ಮ
ಟೈಪ್ ಮಾಡ್ತಿದ್ದೆ ಅಕ್ಕ, ಕೈಯೆಲ್ಲ ಆಯಿಲ್.

ಮೊದಲು ಬ್ರೇಕ್. ಬಿದ್ದು ಬರೋರಲ್ಲಿ ಹೆಚ್ಚಿನವರು ಮುಂದಿನ ಬ್ರೇಕ್ ಹಿಡಿದೇ ಬಿದ್ದಿರ್ತಾರೆ. ಬಿಡಿ ಜಲ್ಲಿ ಮೇಲೆ ಮುಂದಿನ ಗಾಲಿ ಲಾಕ್ ಆದ್ರೆ ಹ್ಯಾಂಡಲ್ ನಿಮ್ಮ ಮಾತು ಕೇಳಲ್ಲ. ನಂದು ಎಬಿಎಸ್ ಗಾಡಿ ಅನ್ನೋರು ಕೇಳಿ: ಲಾಕ್ ಆಗೋದು ತಪ್ಪುತ್ತೆ, ಆದ್ರೆ ಜಲ್ಲಿ ಮೇಲೆ ಗಾಡಿ ನಿಲ್ಲೋಕೆ ಇನ್ನೂ ಉದ್ದ ಜಾಗ ಬೇಕು. ಸಿಂಗಲ್ ಚಾನಲ್ ಆದ್ರೆ ಅದು ಮುಂದಿನ ಗಾಲಿಗೆ ಮಾತ್ರ. 125 ಸಿಸಿ ಒಳಗಿನ ಎಷ್ಟೋ ಗಾಡಿಗಳಲ್ಲಿ ಇರೋದು ಕಾಂಬಿ ಬ್ರೇಕ್, ಅಂದ್ರೆ ಒಂದು ಲಿವರ್ ಹಿಡಿದ್ರೆ ಎರಡೂ ಗಾಲಿಗೆ ಬ್ರೇಕ್ ಬೀಳೋದು, ಅದು ಎಬಿಎಸ್ ಅಲ್ಲ. ಸ್ಪೀಡು ಇಳಿಸೋದು ಜಲ್ಲಿ ಶುರುವಾಗೋ ಮೊದಲೇ, ಗಾಡಿ ನೆಟ್ಟಗಿರುವಾಗ. ಒಳಗೆ ಹೋದ ಮೇಲೆ ಸೆಕೆಂಡ್ ಗೇರ್, ಒಂದೇ ಸಮ ಆಕ್ಸಿಲರೇಟರ್, ಬೇಕಾದ್ರೆ ಹಿಂದಿನ ಬ್ರೇಕ್ ಮೆತ್ತಗೆ.

ಹ್ಯಾಂಡಲ್ ಬಿಗಿಯಾಗಿ ಹಿಡೀಬೇಡಿ. ಮುಂದಿನ ಗಾಲಿ ಸ್ವಲ್ಪ ಆಡ್ತಾ ಇರುತ್ತೆ, ಆಡಲಿ, ತಾನೇ ದಾರಿ ಹುಡುಕ್ಕೊಳ್ಳುತ್ತೆ. ಬೈಕಿನವರು ಮಂಡಿಯಲ್ಲಿ ಟ್ಯಾಂಕ್ ಹಿಡಿದು ಫುಟ್‌ರೆಸ್ಟ್ ಮೇಲೆ ಒಂಚೂರು ಎದ್ದ ಹಾಗೆ ಕೂತರೆ ಸೊಂಟಕ್ಕೂ ಒಳ್ಳೇದು. ಕಣ್ಣು ಗಾಲಿ ಮುಂದೆ ಬೇಡ, ಇಪ್ಪತ್ತು ಅಡಿ ಆಚೆ ಇರಲಿ. ಆದಷ್ಟೂ ಗಾಲಿ ಜಾಡಲ್ಲೇ ಹೋಗಿ. ಜಾಡು ಬದಲಾಯಿಸ್ಬೇಕಾದ್ರೆ ಏರಿಯನ್ನ ಓರೆಯಾಗಿ ಸವರಬೇಡಿ, ಏರಿ ತಗ್ಗಿರೋ ಕಡೆ ನಿಧಾನ ಮಾಡಿ ದಾಟಿ. ಅಕ್ಕ, ಸ್ಕೂಟರಿಗೂ ಇಷ್ಟೇ, ಆದ್ರೆ ಕಾಲ ಹತ್ರ ಅಕ್ಕಿ ಮೂಟೆ ಇಟ್ಕೊಂಡು ಬರಬೇಡಿ, ತಿರುವಿನಲ್ಲಿ ಹ್ಯಾಂಡಲಿಗೆ ತಾಗುತ್ತೆ.

2ನೇ ಕ್ರಾಸ್, ಟೀಚರ್
ಯಾವಾಗ ನೋಡಿದ್ಯೋ! 😄

5ನೇ ಕ್ರಾಸ್, ಮಹಡಿ ಮನೆ
ಬ್ರೋ, ನನ್ನ 150ಕ್ಕೆ ಗುಬಟು ಗುಬಟಿನ ಆಫ್‌ರೋಡ್ ಟೈರ್ ಹಾಕಿಸ್ಲಾ?

ಗ್ಯಾರೇಜ್ ತಮ್ಮ
ದುಡ್ಡು ಹೆಚ್ಚಾಗಿದ್ರೆ ನನಗೆ ಕೊಡು. ಒಂದು ಕಿಲೋಮೀಟರ್ ಜಲ್ಲಿಗೆ ಆ ಟೈರ್ ಹಾಕಿ, ಮಿಕ್ಕ ದಾರಿಯೆಲ್ಲ ಮಳೇಲಿ ನೆಂದ ಟಾರಿನ ಮೇಲೆ ಹಿಡಿತ ಕಳ್ಕೊಳ್ತೀಯಾ? ಇರೋ ಟೈರಿನ ಥ್ರೆಡ್ ಸವೆದಿಲ್ವಾ ನೋಡು, ಸಾಕು. ಗಾಳಿ ಕಂಪನಿ ಹೇಳಿದಷ್ಟೇ ಇರ್ಲಿ. ಬಂಕಲ್ಲಿ ಕೇಳದೆ 40 ತುಂಬಿಸ್ತಾರೆ, ಟೈರ್ ಕಲ್ಲಾಗಿ ಜಲ್ಲಿ ಮೇಲೆ ಕುಣಿಯುತ್ತೆ. ತೀರಾ ಇಳಿಸಿದ್ರೆ ಟ್ಯೂಬ್ ಕಚ್ಚಿ ಪಂಕ್ಚರ್, ಅಲಾಯ್ ವೀಲ್ ಆದ್ರೆ ರಿಮ್ಮೇ ಬೆಂಡು.

ಇನ್ನೊಂದು, ಚೈನಿಗೆ ಹಳೇ ಎಂಜಿನ್ ಆಯಿಲ್ ಬಳಿಯೋರು ನಮ್ಮ ಏರಿಯಾದಲ್ಲಿ ಜಾಸ್ತಿ. ಧೂಳು ಕಚ್ಚಿ ಅದು ಉಪ್ಪುಕಾಗದ ಆಗುತ್ತೆ, ಚೈನು ಸ್ಪ್ರಾಕೆಟ್ ಎರಡನ್ನೂ ತಿನ್ನುತ್ತೆ. ಸೀಮೆಎಣ್ಣೆಯಲ್ಲಿ ಒರೆಸಿ ಚೈನ್ ಲೂಬೇ ಹಾಕಿ, ಹೆಚ್ಚಿದ್ದದ್ದು ಒರೆಸಿಬಿಡಿ. ಏರ್ ಫಿಲ್ಟರ್ ಸರ್ವಿಸ್‌ವರೆಗೆ ಕಾಯಬೇಡಿ. ಈ ಮೂರು ತಿಂಗಳಲ್ಲಿ ನಮ್ಮ ಬಡಾವಣೆದೇ ನಾಲ್ಕು ಗಾಡಿಗೆ ಮುಂದಿನ ಫೋರ್ಕ್ ಆಯಿಲ್ ಸೀಲ್ ಹಾಕಿದೀನಿ, ಎರಡಕ್ಕೆ ಕೋನ್‌ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗ್. ನನಗೆ ವ್ಯಾಪಾರ, ಆದ್ರೂ ಹೇಳ್ತಿದೀನಿ.

4ನೇ ಕ್ರಾಸ್, ಕೊನೇ ಮನೆ
ಎದ್ದೆ. ಓವರ್‌ಸಿಯರ್ ಸಾರ್ ಹೇಳಿದ್ದು ನನಗೆ ಒಪ್ಪಿಗೆ. ಟಾರ್ ಮಾತೇ ಎತ್ತದೆ ಕಾಲುವೆ, ಪುಡಿ, ನೀರು, ರೋಲರ್ ಇಷ್ಟೇ ಬರೆಯೋಣ. ಆದರೆ ಯಾರಿಗೆ? ಹೋದ ಸಲ ಕೇಳಿದಾಗ ‘ಬಡಾವಣೆ ಇನ್ನೂ ಹಸ್ತಾಂತರ ಆಗಿಲ್ಲ, ಲೇಔಟ್ ಮಾಡಿದವರನ್ನ ಕೇಳಿ’ ಅಂದಿದ್ರು. ಲೇಔಟಿನವರು ಫೋನೇ ಎತ್ತಲ್ಲ.

1ನೇ ಕ್ರಾಸ್, ವಕೀಲರು
ಕೋರ್ಟಿಂದ ಈಗ ಬಂದೆ. ಹಸ್ತಾಂತರದ ಮಾತನ್ನೇ ಬಿಡಿ. ಅಗೆದವರು ಲೇಔಟಿನವರಲ್ಲ, ಪೈಪಿನವರು. ಅಗೆದ ರಸ್ತೆಯನ್ನ ಮೊದಲಿನಂತೆ ಮಾಡಿಕೊಡೋದು ಅವರ ಕೆಲಸದಲ್ಲೇ ಸೇರಿತ್ತಾ ಅಂತ ಕಾಗದ ನೋಡಬೇಕು. ಕೆಲಸ ಕೊಟ್ಟ ಇಲಾಖೆಗೆ ಮನವಿ ಕೊಡೋಣ, ಜೊತೆಗೇ ಮಾಹಿತಿ ಹಕ್ಕು ಅರ್ಜಿ. ಅಂದಾಜು ಪಟ್ಟಿ, ಕಾರ್ಯಾದೇಶ, ಮಾಡಿದ ಕೆಲಸದ ಲೆಕ್ಕ ಬರೆದಿಡೋ ಅಳತೆ ಪುಸ್ತಕ, ಇವುಗಳ ನಕಲು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ನೀಲಿ ಗೇಟಿನವರೇ, ನೀವು ಬರೀಬೇಡಿ, ನಾಲ್ಕು ಪುಟ ಮಾಡ್ತೀರಿ. ರೋಲರ್ ಓಡಿಸಿದ್ದಕ್ಕೂ ಬಿಲ್ ಬರೆದಿದ್ರೆ ಅಳತೆ ಪುಸ್ತಕದಲ್ಲಿ ಇರುತ್ತೆ. ಆಮೇಲೆ ಮಾತಿನ ಧಾಟಿಯೇ ಬೇರೆ.

1ನೇ ಕ್ರಾಸ್, ನೀಲಿ ಗೇಟ್
ಕೇಸ್ ಹಾಕೋಕೆ ಆಗಲ್ವಾ? ಕಾನೂನು ಬಂದಿದೆ ಅಂತಾರಲ್ಲ.

1ನೇ ಕ್ರಾಸ್, ವಕೀಲರು
ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 198ಎ ಅಂತ ಒಂದು ಕಲಂ ಸೇರಿಸಿದ್ದಾರೆ, ರಸ್ತೆ ಮಾನದಂಡ ಪಾಲಿಸದ ಗುತ್ತಿಗೆದಾರನಿಗೆ 1 ಲಕ್ಷದವರೆಗೆ ದಂಡ. ಆದರೆ ಯಾರಾದರೂ ಸಾಯಬೇಕು ಇಲ್ಲಾ ಅಂಗ ಊನ ಆಗಬೇಕು. ಮೊಣಕೈ ತರಚಿದ್ದಕ್ಕೆ ಬರಲ್ಲ.

4ನೇ ಕ್ರಾಸ್, ಕೊನೇ ಮನೆ
ಅಷ್ಟು ದೂರ ನಾನು ಹೋಗಲ್ಲ ಸಾರ್ 🙏

ಅಡ್ಮಿನ್
ಸೋಮವಾರ ಬೆಳಗ್ಗೆ 10.30ಕ್ಕೆ ಮನವಿ ಕೊಡೋಕೆ ಹೋಗೋಣ. ಮನೆಗೊಬ್ಬರು. ಒಕ್ಕಣೆ ಓವರ್‌ಸಿಯರ್ ಸಾರ್, ಮಾಹಿತಿ ಹಕ್ಕು ಅರ್ಜಿ ವಕೀಲರು. ಸಹಿ ಹಾಳೆ ಹಾಲಿನ ಬೂತಲ್ಲಿ ಇಡ್ತೀನಿ.

2ನೇ ಕ್ರಾಸ್, ಟೀಚರ್
ಸೋಮವಾರ ನನಗೆ ರಜೆ ಸಿಗಲ್ಲ, ನಮ್ಮವರು ಬರ್ತಾರೆ. ಆದರೆ ಭಾನುವಾರ ಆ ತಿರುವಿನ ಬಿಡಿ ಜಲ್ಲಿಯನ್ನಾದರೂ ಅಂಚಿಗೆ ಎಳೆಯೋಣ್ವಾ? ಐದಾರು ಜನ ಬಂದರೆ ಒಂದು ಗಂಟೆ. ಅಂಗಳದಲ್ಲಿ ಅಡಿಕೆ ಎಳೆಯೋ ಹಲಗೆ ನಮ್ಮನೇಲಿದೆ.

3ನೇ ಕ್ರಾಸ್, ನಿವೃತ್ತ ಓವರ್‌ಸಿಯರ್
ಎಳೆಯೋ ಮೊದಲು ಫೋಟೋ ತೆಗೀರಿ. ಪಕ್ಕದಲ್ಲಿ ಅಳತೆ ಟೇಪು ಇಟ್ಟು ತೆಗೀರಿ, ಇಲ್ಲಾಂದ್ರೆ ಸೋಮವಾರ ‘ಎಲ್ರೀ ಜಲ್ಲಿ’ ಅಂತಾರೆ.

ಗ್ಯಾರೇಜ್ ತಮ್ಮ
ನಂದು ಎರಡು ಸಲಿಕೆ, ಒಂದು ಬಾಂಡ್ಲಿ. ಏಳಕ್ಕೆ ಬನ್ನಿ, ಎಂಟಕ್ಕೆ ಬಿಸಿಲು. ಅಣ್ಣ, ನಿಮ್ಮ ಬ್ರೇಕ್ ಲಿವರ್ ಬಂದಿದೆ, ಗಾಡಿ ತಳ್ಳಿಕೊಂಡೇ ಬನ್ನಿ, ಹತ್ಕೊಂಡು ಬರಬೇಡಿ.